ಅಣುಲೋಕದ ಚಿತ್ರಗಳಲ್ಲಿ ಕ್ಯಾಮೆರಾದ ಸ್ಥಾನ

ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವರು ಒಂದು ನೋಟವನ್ನು ತಪ್ಪದೆ ಕಂಡಿರುತ್ತಾರೆ. ರಸ್ತೆಯಂಚಿನ ಜಾಲಿಗಿಡಗಳು ಕಣ್ಣು ಹಾಯಿಸುವಷ್ಟರಲ್ಲಿಯೇ ಹಿಂದಕ್ಕೆ ಓಡಿಹೋಗುತ್ತವೆ. ಅವುಗಳಾಚೆಯ ಎರೆಹೊಲದ ಬದುಗಳು ಸಾವಕಾಶವಾಗಿ ಸರಿಯುತ್ತವೆ. ಮಸ್ಕಿಯ ಗುಡ್ಡವಾದರೋ ಬಹಳ ಹೊತ್ತು ನಮ್ಮ ಜೊತೆಯಲ್ಲಿಯೇ ನಡೆದು ಬಂದು, ಮೆಲ್ಲನೆ ಮೈ ಹೊರಳಿಸಿ, ತನ್ನ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಇವುಗಳಲ್ಲಿ ಯಾವುದೂ ಚಲಿಸಲಿಲ್ಲ, ಚಲಿಸಿದವರು ನಾವು ಎಂಬುದನ್ನು ತಾಯಿಯ ತೊಡೆಯ ಮೇಲಿನ ಮಗುವೂ ಬಲ್ಲುದು. ಅದೇಕೆಂದರೆ ಗುಡ್ಡ ನಡೆಯುವುದಿಲ್ಲವೆಂಬುದು ಅದಕ್ಕೆ ಮೊದಲೇ ತಿಳಿದಿರುತ್ತದೆ. ಆದರೆ ಗುಡ್ಡವೂ ನಡೆಯುವ, ಗಿಡಗಳೂ ಕುಣಿಯುವ, ನೆಲವೂ ಕ್ಷಣ ಬಿಡದೆ ನಡುಗುವ ಒಂದು ಲೋಕದಲ್ಲಿ ನಮ್ಮ ಬಸ್ಸು ಓಡುತ್ತಿದ್ದರೆ, ಯಾವ ಚಲನೆ ಲೋಕದ್ದು, ಯಾವುದು ನಮ್ಮದು ಎಂದು ಬೇರ್ಪಡಿಸಿ ಹೇಳುವವರು ಯಾರು? ಅಣುಗಳ ಲೋಕ ಅಂತಹುದು. ಅಣುಗಳ ಚಲನೆಯನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ಚಲನಚಿತ್ರವಾಗಿ ತೋರಿಸುವವರು ಕ್ಯಾಮೆರಾವನ್ನು ಎಲ್ಲಿ ಇಡಬೇಕು, ಯಾವಾಗ ಸರಿಸಬೇಕು, ಯಾವಾಗ ಕದಲಿಸದೆ ನಿಲ್ಲಿಸಬೇಕು ಎಂಬ ಪ್ರಶ್ನೆ ಸುಮಾರು ಅರುವತ್ತು ವರ್ಷಗಳಿಂದ ಚರ್ಚೆಯಲ್ಲಿದೆ. ಆ ಚರ್ಚೆಯ ಇಡಿಯ ಭೂಪಟವನ್ನು ಕನ್ನಡದ ಓದುಗರ ಮುಂದೆ ಹರಡುವುದು ಈ ಲೇಖನದ ಉದ್ದೇಶ.

ಕ್ಯಾಮೆರಾ ಸಲ್ಲದೆಡೆಯ ಕ್ಯಾಮೆರಾ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಪರಮಾಣುವಿನ ಅಗಲವಾದರೋ ಒಂದು ನ್ಯಾನೋಮೀಟರಿನ ಕೆಲವೇ ಹತ್ತನೆಯ ಭಾಗಗಳು. ಸಮುದ್ರದ ಅಲೆ ಒಂದು ಮರಳಿನ ಕಣದ ಆಕಾರವನ್ನು ಹೇಗೆ ತಿಳಿಸಲಾರದೋ ಹಾಗೆಯೇ ಬೆಳಕೂ ಪರಮಾಣುವಿನ ಆಕಾರವನ್ನು ತಿಳಿಸಲಾರದು. ಆದುದರಿಂದ ಅಣುಚಿತ್ರದಲ್ಲಿ ಕಾಣುವ ಬಣ್ಣ, ಹೊಳಪು, ನೆರಳು ಇವೆಲ್ಲ ಒಪ್ಪಂದದಿಂದ ಬಂದವು. ಇಂಗಾಲಕ್ಕೆ ಕಪ್ಪು ಅಥವಾ ಬೂದು, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ ಎಂಬುದು ಮರದ ಗೋಲಿಗಳ ಮಾದರಿಗಳಿಂದ ಇಳಿದು ಬಂದ ರೂಢಿಯೇ ಹೊರತು ಪ್ರಕೃತಿಯ ಕಟ್ಟಳೆಯಲ್ಲ.

ಚಿತ್ರಕ್ಕೆ ಆಧಾರವಾಗುವುದು ಸಂಖ್ಯೆಗಳು. ವಿಜ್ಞಾನಿಗಳು ಸಿಮ್ಯುಲೇಷನ್ ಎಂದು ಕರೆಯುವ ಗಣನೆಯಲ್ಲಿ ಪ್ರತಿಯೊಂದು ಪರಮಾಣುವಿನ ಮೇಲೆ ಉಳಿದವು ಬೀರುವ ಬಲವನ್ನು ಲೆಕ್ಕಹಾಕಿ, ನ್ಯೂಟನ್ನನ ನಿಯಮದಂತೆ ಅದನ್ನು ಒಂದು ಅತ್ಯಲ್ಪ ಹೆಜ್ಜೆ ಮುಂದಿಟ್ಟು, ಮತ್ತೆ ಬಲಗಳನ್ನು ಲೆಕ್ಕಹಾಕುವರು. ಆ ಹೆಜ್ಜೆ ಸಾಮಾನ್ಯವಾಗಿ ಎರಡು ಫೆಮ್ಟೋಸೆಕೆಂಡು. ಫೆಮ್ಟೋಸೆಕೆಂಡು ಎಂದರೆ ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದಾಗ ಒಂದು ಪಾಲು. ಇಂತಹ ಕೋಟಿಗಟ್ಟಲೆ ಹೆಜ್ಜೆಗಳ ದಾಖಲೆಯೇ ಚಿತ್ರದ ಮೂಲದ್ರವ್ಯ. ಇಲ್ಲಿ ಕ್ಯಾಮೆರಾ ಎಂದರೆ ಕಣ್ಣಿನ ಸ್ಥಾನ, ಅದು ನೋಡುವ ದಿಕ್ಕು, ನೋಟದ ಅಗಲ, ಮತ್ತು ಯಾವ ಆಳದಿಂದ ಯಾವ ಆಳದವರೆಗಿನದು ಕಾಣಬೇಕು ಎಂಬ ಎರಡು ಎಲ್ಲೆಗಳು, ಇಷ್ಟೇ. ಭಾರವಿಲ್ಲದ, ಗಾಜಿಲ್ಲದ, ಗೋಡೆಯೊಳಗೂ ತೂರಬಲ್ಲ ಈ ಕ್ಯಾಮೆರಾಕ್ಕೆ ಅಸಾಧ್ಯವೆಂಬುದಿಲ್ಲ; ತೊಡಕು ಹುಟ್ಟುವುದೂ ಅಲ್ಲಿಂದಲೇ.

ಪ್ರದಕ್ಷಿಣೆಯಿಂದ ಅಂಗೈಗೆ

ಕೇಂಬ್ರಿಜ್ಜಿನಲ್ಲಿ ಜಾನ್ ಕೆಂಡ್ರೂ 1950ರ ದಶಕದ ಕೊನೆಯಲ್ಲಿ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ರಚನೆಯನ್ನು ಬಿಡಿಸಿದಾಗ, ಅದರ ಮಾದರಿಯನ್ನು ಲಂಬವಾಗಿ ನೆಟ್ಟ ಸರಳುಗಳ ಕಾಡಿನೊಳಗೆ ಕಟ್ಟಲಾಗಿತ್ತು. ಅದನ್ನು ಕೈಯಲ್ಲಿ ಹಿಡಿಯುವಂತಿರಲಿಲ್ಲ. ನೋಡುವವನು ಗರ್ಭಗುಡಿಯನ್ನು ಸುತ್ತುವಂತೆ ಅದನ್ನು ಸುತ್ತಬೇಕಾಗಿತ್ತು. ಮುಂದೆ 1960ರ ದಶಕದ ನಡುವಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸೈರಸ್ ಲೆವಿಂಥಾಲ್ ಅಣುವಿನ ರೇಖಾಚಿತ್ರವನ್ನು ಗಣಕದ ಪರದೆಯ ಮೇಲೆ ಮೂಡಿಸಿ, ಅಂಗೈ ಇಟ್ಟು ಹೊರಳಿಸುವ ಗೋಳವೊಂದರ ಮೂಲಕ ಅದು ತಿರುಗುವ ದಿಕ್ಕನ್ನೂ ವೇಗವನ್ನೂ ಹತೋಟಿಗೆ ತಂದನು. ಪರದೆಯ ಮೇಲೆ ಇದ್ದುದು ಬರಿಯ ಗೆರೆಗಳು; ನಿಂತಾಗ ಗೋಜಲು, ತಿರುಗಿದೊಡನೆ ಘನಾಕೃತಿ. ಸುತ್ತುವವನು ನಿಂತನು, ಸುತ್ತಿಸಿಕೊಳ್ಳುವುದು ತಿರುಗತೊಡಗಿತು. ಪ್ರದಕ್ಷಿಣೆ ಅಂಗೈಗೆ ಇಳಿದ ಈ ಪಲ್ಲಟವೇ ನಮ್ಮ ಪ್ರಶ್ನೆಯ ಬೀಜ.

ಅದೇ ಕಾಲದಲ್ಲಿ ಬೇರೊಂದು ಕಡೆ ಚಲನೆಯ ಗಣನೆ ಬೆಳೆಯುತ್ತಿತ್ತು. ಅದರ ಮೂಲಪುರುಷರಲ್ಲಿ ಒಬ್ಬರಾದ ಅನೀಸುರ್ ರಹಮಾನರು 1927ರಲ್ಲಿ ಹುಟ್ಟಿದ್ದು ಹೈದರಾಬಾದಿನಲ್ಲಿ. ಎಂದರೆ ನಮ್ಮ ಲಿಂಗಸುಗೂರು ಸೀಮೆಯೂ ಆಗ ಸೇರಿದ್ದ ನಿಜಾಮ ಸಂಸ್ಥಾನದ ರಾಜಧಾನಿಯಲ್ಲಿ. ಅವರು 1964ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯಲ್ಲಿದ್ದು 864 ಆರ್ಗಾನ್ ಪರಮಾಣುಗಳ ದ್ರವದ ಚಲನೆಯನ್ನು ಲೆಕ್ಕಹಾಕಿ ಪ್ರಕಟಿಸಿದರು. ಈ ಹೆಸರು ನಮ್ಮ ಭಾಗದ ಕಾಲೇಜುಗಳಲ್ಲಿ ಕೇಳಿಬರುವುದೇ ವಿರಳವಾಗಿರುವುದು ನನಗೆ ಸದಾ ಖೇದದ ಸಂಗತಿ. ಪ್ರೋಟೀನಿನ ಚಲನೆಯನ್ನು ಮೊದಲು ಲೆಕ್ಕಹಾಕಿದವರು ಮೆಕ್ಯಾಮನ್, ಗೆಲಿನ್ ಮತ್ತು ಕಾರ್ಪ್ಲಸ್, 1977ರಲ್ಲಿ; ಆ ಪ್ರೋಟೀನು 58 ಅಮೈನೋ ಆಮ್ಲಗಳ ಒಂದು ಚಿಕ್ಕ ಸರಪಳಿ, ಲೆಕ್ಕ ಸಿಕ್ಕ ಕಾಲ ಸುಮಾರು ಒಂಬತ್ತು ಪಿಕೋಸೆಕೆಂಡು, ಎಂದರೆ ಒಂಬತ್ತು ಸಾವಿರ ಫೆಮ್ಟೋಸೆಕೆಂಡು. ಅದೇ ಪ್ರೋಟೀನಿನ ಒಂದು ಮಿಲಿಸೆಕೆಂಡಿನ ಚಲನೆಯನ್ನು, ಎಂದರೆ ಹತ್ತು ಕೋಟಿ ಪಟ್ಟಿಗೂ ಮಿಕ್ಕ ಕಾಲವನ್ನು, ಡೇವಿಡ್ ಶಾ ಅವರ ತಂಡ 2010ರಲ್ಲಿ ಪ್ರಕಟಿಸಿತು. ಮೊದಲಿನವರಿಗೆ ತೋರಿಸಲು ಚಲನೆ ಸಾಲದಾಗಿತ್ತು. ಈಗಿನವರಿಗೆ ಅದು ತೋರಿಸಲಾರದಷ್ಟು ಹೆಚ್ಚಾಗಿದೆ.

ನಿಶ್ಚಲ ಪಕ್ಷ

ಪ್ರಯೋಗಶಾಲೆಗಳಲ್ಲಿ ಹುಟ್ಟಿ ಇಂದಿಗೂ ಅಲ್ಲಿಯೇ ಬಲವಾಗಿರುವ ಮೊದಲ ಪಕ್ಷದ ಮತ ಇದು: ಅಣು ಚಲಿಸುತ್ತಿರುವಾಗ ಕ್ಯಾಮೆರಾ ಚಲಿಸಬಾರದು. ನೀರಿನಲ್ಲಿರುವ ಚಿಕ್ಕ ಪ್ರೋಟೀನು ಕೆಲವು ನ್ಯಾನೋಸೆಕೆಂಡುಗಳಲ್ಲಿಯೇ (ಒಂದು ನ್ಯಾನೋಸೆಕೆಂಡು ಎಂದರೆ ಸಾವಿರ ಪಿಕೋಸೆಕೆಂಡು) ಉರುಳಿ ದಿಕ್ಕು ಬದಲಿಸುತ್ತದೆ. ಆ ಉರುಳಾಟವನ್ನು ಹಾಗೆಯೇ ತೋರಿಸಿದರೆ ಒಳಗಿನ ಸೂಕ್ಷ್ಮ ಚಲನೆಗಳು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಪ್ರತಿಯೊಂದು ಚೌಕಟ್ಟಿನ ಅಣುವನ್ನು ಮೊದಲ ಚೌಕಟ್ಟಿನ ಅಣುವಿನ ಮೇಲೆ ಸಾಧ್ಯವಾದಷ್ಟು ಕೂಡಿಕೊಳ್ಳುವಂತೆ ಹೊಂದಿಸಿ ಕೂರಿಸುವರು. ಇದನ್ನು ಗಣಿತದ ಶುದ್ಧೀಕರಣವೆಂದು ಭಾವಿಸುವವರಿದ್ದಾರೆ. ನಿಜವಾಗಿ ನೋಡಿದರೆ ಇದೂ ಒಂದು ಕ್ಯಾಮೆರಾ ತಂತ್ರವೇ. ಕ್ಯಾಮೆರಾವನ್ನು ಅಣುವಿನ ಮೈಗೆ ಕಟ್ಟಿಬಿಟ್ಟ ಹಾಗಾಯಿತು.

ಹಾಗೆ ಕಟ್ಟುವಾಗ ಮೈಯ ಯಾವ ಭಾಗಕ್ಕೆ ಕಟ್ಟಬೇಕು ಎಂಬಲ್ಲಿ ನಿಶ್ಚಲ ಪಕ್ಷದ ಮೊದಲ ಬಿರುಕು ತೋರುತ್ತದೆ. ಹೆಕ್ಸೋಕೈನೇಸ್ ಎಂಬ ಕಿಣ್ವವಿದೆ. ಅದರ ಎರಡು ಹೋಳುಗಳು ಗ್ಲೂಕೋಸನ್ನು ನಡುವೆ ಹಿಡಿದು ಮುಚ್ಚಿಕೊಳ್ಳುತ್ತವೆ. ಮನೆಯಲ್ಲಿರುವ ಅಡಕತ್ತರಿಯನ್ನು ಕೈಗೆ ತೆಗೆದುಕೊಳ್ಳಿರಿ. ಕೆಳಹಿಡಿಯನ್ನು ಚಾಪೆಯ ಮೇಲೆ ಒತ್ತಿ ಹಿಡಿದರೆ ಮೇಲಿನ ಅಲಗು ಮಾತ್ರ ಆಡುತ್ತದೆ. ಮೇಲ್ಹಿಡಿಯನ್ನು ಬಿಗಿಹಿಡಿದರೆ ಕೆಳಗಿನದೇ ಎದ್ದು ಬರುತ್ತದೆ. ನಡುವಿನ ಮೊಳೆಯನ್ನಷ್ಟೇ ಹಿಡಿದರೆ ಎರಡೂ ಬಾಯಿಯಂತೆ ತೆರೆದು ಮುಚ್ಚುತ್ತವೆ. ಅಡಕತ್ತರಿ ಒಂದೇ, ಅಡಕೆ ಕತ್ತರಿಸುವುದೂ ಒಂದೇ, ಆದರೆ ನೋಡುವವನಿಗೆ ಮೂರು ಬೇರೆ ಕಥೆಗಳು. ಕಿಣ್ವದ ಚಿತ್ರದಲ್ಲಿಯೂ ಹೊಂದಿಕೆಯ ಆಯ್ಕೆಯೇ ಯಾವ ಹೋಳು ಕರ್ತೃ, ಯಾವುದು ಕರ್ಮ ಎಂಬುದನ್ನು ನೋಡುಗನ ಮನಸ್ಸಿನಲ್ಲಿ ನಿರ್ಧರಿಸಿಬಿಡುತ್ತದೆ. ಚಿತ್ರವನ್ನು ಮಾಡಿದವನು ಅದನ್ನು ಹೇಳದಿದ್ದರೆ ನೋಡುಗನಿಗೆ ತಿಳಿಯುವ ಬಗೆಯೇ ಇಲ್ಲ.

ಇನ್ನೊಂದು ಸಂಗತಿ ನನ್ನ ಸ್ವಂತ ಅನುಭವದ್ದು. ಇಲಿನಾಯ್ ವಿಶ್ವವಿದ್ಯಾಲಯದ ಕ್ಲಾಸ್ ಶುಲ್ಟನ್ ತಂಡದವರು 1996ರಲ್ಲಿ ಪ್ರಕಟಿಸಿದ ವಿ.ಎಂ.ಡಿ. ಎಂಬ ತಂತ್ರಾಂಶದಲ್ಲಿ 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಪ್ರೋಟೀನಿನ ಚಿತ್ರವೊಂದನ್ನು ಮೊದಲ ಬಾರಿಗೆ ಮಾಡಿದಾಗ, ಪರದೆಯ ಈ ಅಂಚಿನಿಂದ ಆ ಅಂಚಿಗೆ ಉದ್ದುದ್ದನೆಯ ಗೆರೆಗಳು ಮಿಂಚಿ ಮಾಯವಾದವು. ಗಣನೆಯಲ್ಲಿ ಅಣುವನ್ನು ನೀರಿನ ಒಂದು ಪೆಟ್ಟಿಗೆಯಲ್ಲಿಟ್ಟು, ಒಂದು ಮುಖದಿಂದ ಹೊರಹೋದುದು ಎದುರು ಮುಖದಿಂದ ಒಳಬರುವಂತೆ ಏರ್ಪಡಿಸಿರುತ್ತಾರೆ. ಪ್ರೋಟೀನಿನ ಅರ್ಧ ಭಾಗ ಆ ಬಾಗಿಲನ್ನು ದಾಟಿದಾಗ ಅದರ ಬಂಧಗಳು ಪೆಟ್ಟಿಗೆಯ ಉದ್ದಕ್ಕೂ ಎಳೆದಂತೆ ಕಾಣುತ್ತವೆ. ತಪ್ಪು ನನ್ನದೇ: ಮೊದಲು ಅಣುವನ್ನು ಇಡಿಯಾಗಿ ಕೂಡಿಸಿಕೊಳ್ಳಬೇಕಾಗಿತ್ತು. ಆ ದಿನ ಒಂದು ಪಾಠ ದೊರೆಯಿತು: ಪರದೆಯ ಮೇಲೆ ಚಲಿಸಿದ್ದೆಲ್ಲವೂ ಅಣುವಿನ ಚಲನೆಯಲ್ಲ.

ಕಾಲದ ತೊಡಕು

ಕ್ಯಾಮೆರಾ ಎಂದೊಡನೆ ಎಲ್ಲರೂ ಸ್ಥಳವನ್ನು ಕುರಿತು ಯೋಚಿಸುವರು. ಅದರ ರೆಪ್ಪೆಯನ್ನು, ಎಂದರೆ ಷಟರನ್ನು, ಮರೆಯುವರು. ನನ್ನ ಮತದಲ್ಲಿ ಅಣುಚಿತ್ರಗಳ ಅತ್ಯಂತ ದೊಡ್ಡ ಅಸತ್ಯ ನುಸುಳುವುದು ಇಲ್ಲಿಯೇ.

ನೂರು ನ್ಯಾನೋಸೆಕೆಂಡಿನ ಒಂದು ಸಾಧಾರಣ ಗಣನೆಯನ್ನು ತೆಗೆದುಕೊಳ್ಳೋಣ. ಎರಡು ಫೆಮ್ಟೋಸೆಕೆಂಡಿನ ಹೆಜ್ಜೆಯಂತೆ ಅದರಲ್ಲಿ ಐದು ಕೋಟಿ ಹೆಜ್ಜೆಗಳು. ಎಲ್ಲವನ್ನೂ ಉಳಿಸಿಕೊಳ್ಳಲಾಗದು, ಹತ್ತು ಪಿಕೋಸೆಕೆಂಡಿಗೊಮ್ಮೆ ಉಳಿಸಿದರೆ ಹತ್ತು ಸಾವಿರ ಚೌಕಟ್ಟುಗಳು, ಸೆಕೆಂಡಿಗೆ 25ರಂತೆ ಓಡಿಸಿದರೆ ಆರು ನಿಮಿಷ ನಲವತ್ತು ಸೆಕೆಂಡುಗಳ ಚಿತ್ರ. ಇಂಗಾಲ ಮತ್ತು ಜಲಜನಕಗಳ ನಡುವಿನ ಬಂಧ ಪ್ರಕೃತಿಯಲ್ಲಿ ಸುಮಾರು ಹತ್ತು ಹನ್ನೊಂದು ಫೆಮ್ಟೋಸೆಕೆಂಡಿಗೊಮ್ಮೆ ಹಿಗ್ಗಿ ಕುಗ್ಗುತ್ತದೆ; ನಮ್ಮ ಚಿತ್ರದ ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವೆ ಅಂತಹ ಸುಮಾರು ಸಾವಿರ ಕಂಪನಗಳಿಗೆ ಎಡೆಯಿದೆ. ಅದಕ್ಕಿಂತ ನಿಧಾನವಾದ ಬಾಗು ಬಳುಕುಗಳೂ ಅಷ್ಟರಲ್ಲಿ ಹಲವು ಸಲ ಆಗಿಹೋಗಿರುತ್ತವೆ. ಹಳೆಯ ಚಲನಚಿತ್ರಗಳಲ್ಲಿ ಸಾರೋಟಿನ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ನೀವು ನೋಡಿರಬಹುದು. ಅಣುಚಿತ್ರದಲ್ಲಿ ಪರಮಾಣುಗಳು ತಟತಟನೆ ಜಿಗಿಯುವ ನೋಟವೂ ಅದೇ ಜಾತಿಯದು. ಅದು ಅಣುವಿನ ನಡಿಗೆಯಲ್ಲ, ನಾವು ಕಣ್ಣು ಮಿಟುಕಿಸಿದ ಲಯ.

ಇದಕ್ಕೆ ಪರಿಹಾರ ಎರಡು. ಹಲವು ಚೌಕಟ್ಟುಗಳಲ್ಲಿನ ಸ್ಥಾನಗಳ ಸರಾಸರಿಯನ್ನು ತೆಗೆದು ಚಲನೆಯನ್ನು ನುಣುಪುಗೊಳಿಸುವುದು ಒಂದು. ಇದರಿಂದ ಚಿತ್ರ ಸೊಗಸಾಗುವುದೇನೋ ನಿಜ. ಆದರೆ ಅಣುವಿನ ತುದಿಯಲ್ಲಿ ಗಿರಗಿಟ್ಟಲೆಯಂತೆ ತಿರುಗುವ ಮೀಥೈಲ್ ಗುಂಪಿನ ಮೂರು ಜಲಜನಕಗಳ ಸರಾಸರಿ ಸ್ಥಾನ ತಿರುಗಣೆಯ ಅಚ್ಚಿನ ಮೇಲೆಯೇ ಬೀಳುವುದರಿಂದ, ಮೂರೂ ಕುಗ್ಗಿ ಒಂದಾಗಿ, ಎಲ್ಲಿಯೂ ಇಲ್ಲದ ಒಂದು ವಿಕೃತ ಆಕೃತಿ ತೋರುತ್ತದೆ. ಸ್ಥಾನಗಳನ್ನು ಬಿಟ್ಟು ಚಿತ್ರಗಳನ್ನೇ ಒಂದರ ಮೇಲೊಂದು ಸೇರಿಸುವುದು ಇನ್ನೊಂದು ದಾರಿ. ಆಗ ತಿರುಗುವ ಗುಂಪು ಓಡುವ ಫ್ಯಾನಿನ ರೆಕ್ಕೆಗಳಂತೆ ಮಸುಕು ವೃತ್ತವಾಗಿ ಕಾಣುತ್ತದೆ. ಎರಡನೆಯದು ಹೆಚ್ಚು ಪ್ರಾಮಾಣಿಕವೆಂದು ನನ್ನ ನಿಲುವು. ಮಸುಕು ತನ್ನ ಅಜ್ಞಾನವನ್ನು ಒಪ್ಪಿಕೊಳ್ಳುತ್ತದೆ, ನುಣುಪು ಒಪ್ಪಿಕೊಳ್ಳುವುದಿಲ್ಲ. ಆದರೂ ಬಳಕೆಯಲ್ಲಿ ಮೊದಲನೆಯದೇ ಹೆಚ್ಚು, ಏಕೆಂದರೆ ಅದು ಒಂದು ಗುಂಡಿ ತಿರುಗಿಸಿದರೆ ಆಗುವ ಕೆಲಸ.

ಪಯಣದ ಪಕ್ಷ

ಎರಡನೆಯ ಪಕ್ಷದ ಕುಲಮೂಲ ಪ್ರಯೋಗಶಾಲೆಯಲ್ಲಿಲ್ಲ, ಚಲನಚಿತ್ರದಲ್ಲಿದೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1977ರಲ್ಲಿ ಪೂರ್ಣಗೊಳಿಸಿದ ‘ಪವರ್ಸ್ ಆಫ್ ಟೆನ್’ ಎಂಬ ಕಿರುಚಿತ್ರ ಷಿಕಾಗೋ ನಗರದ ಕೆರೆಯ ದಂಡೆಯಲ್ಲಿ ಮಲಗಿದ ಮನುಷ್ಯನಿಂದ ಹೊರಟು, ಹತ್ತು ಸೆಕೆಂಡಿಗೆ ಹತ್ತು ಪಟ್ಟಿನಂತೆ ಆಕಾಶಗಂಗೆಗಳಾಚೆಗೆ ಸರಿದು, ಹಿಂದಿರುಗಿ ಅವನ ಕೈಯ ಚರ್ಮದೊಳಗಿನ ಇಂಗಾಲದ ಪರಮಾಣುವಿನ ಒಡಲಿಗೆ ಇಳಿಯುತ್ತದೆ. ಇದೇ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಬರೆದುಕೊಟ್ಟ ವರದಿಯಿಂದಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಈ ಚಿತ್ರದ ನಂತರ ಸೂಕ್ಷ್ಮಲೋಕಕ್ಕೆ ಹೋಗುವುದೆಂದರೆ ಪಯಣ ಹೊರಡುವುದು ಎಂಬ ಭಾವನೆ ಬೇರೂರಿತು.

ಅದರ ಪೂರ್ಣ ಫಲ 2006ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಎಕ್ಸ್‌ವೈವೋ ಸಂಸ್ಥೆಯವರು ನಿರ್ಮಿಸಿದ ‘ದಿ ಇನ್ನರ್ ಲೈಫ್ ಆಫ್ ದ ಸೆಲ್’. ಜೀವಕೋಶದ ಒಳಗೆ ಕ್ಯಾಮೆರಾ ತೇಲುತ್ತ, ಮೇಲೇರುತ್ತ, ತಿರುವುಗಳಲ್ಲಿ ಓಲಾಡುತ್ತ ಸಾಗುತ್ತದೆ. ಕೈನೆಸಿನ್ ಎಂಬ ಪ್ರೋಟೀನು ಹೆಗಲಮೇಲೆ ಮೂಟೆ ಹೊತ್ತ ಹಮಾಲನಂತೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯುತ್ತದೆ. ಅದನ್ನು ಕಂಡು ಜೀವಶಾಸ್ತ್ರದ ಕಡೆಗೆ ಒಲಿದ ವಿದ್ಯಾರ್ಥಿಗಳ ಸಂಖ್ಯೆ ಸಣ್ಣದಲ್ಲ. ನಾನೂ ಅದನ್ನು ಮೊದಲು ನೋಡಿದ ದಿನ ಎರಡು ಸಲ ನೋಡಿದೆ. ಕಥೆಯನ್ನು ಹೇಳುವ, ಪರಿಮಾಣವನ್ನು ಅನುಭವಕ್ಕೆ ತರುವ, ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ತೋರುವ ಶಕ್ತಿ ಪಯಣದ ಕ್ಯಾಮೆರಾಕ್ಕೆ ಇರುವಷ್ಟು ನಿಶ್ಚಲ ಕ್ಯಾಮೆರಾಕ್ಕೆ ಇಲ್ಲ.

ಆದರೆ ಆಕ್ಷೇಪಗಳು ಗುರುತರವಾಗಿವೆ. ಜೀವಕೋಶದ ಒಳಗೆ ಅಂತಹ ಬಯಲು ಎಲ್ಲಿಯೂ ಇಲ್ಲ. ಡೇವಿಡ್ ಗುಡ್‌ಸೆಲ್ ಜಲವರ್ಣದಲ್ಲಿ ಬರೆದಿರುವ ಜೀವಕೋಶದ ಚಿತ್ರಗಳನ್ನು ಕಂಡವರಿಗೆ ಅದು ಜಾತ್ರೆಯ ತೇರಿನ ಬೀದಿಯಂತೆ ಕಿಕ್ಕಿರಿದಿರುವುದು ತಿಳಿದಿದೆ. ಎಂಟು ನ್ಯಾನೋಮೀಟರಿನ ಒಂದೊಂದು ಹೆಜ್ಜೆಯನ್ನೂ ಕೈನೆಸಿನ್ ನೀರಿನ ಕಣಗಳ ಎಡೆಬಿಡದ ಹೊಡೆತದ ನಡುವೆ ತಡಕಾಡಿ ಇಡುತ್ತದೆ. ಇವು ಎಲ್ಲರೂ ಎತ್ತಿರುವ ಆಕ್ಷೇಪಗಳು. ಇವುಗಳ ಜೊತೆಗೆ ಕ್ಯಾಮೆರಾದ ನಡೆಯನ್ನೇ ಕುರಿತ ಇನ್ನೊಂದನ್ನು ಸೇರಿಸಬೇಕೆಂದು ನನಗೆ ತೋರುತ್ತದೆ. ಎಡ್ವರ್ಡ್ ಪರ್ಸೆಲ್ 1977ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿಕೊಟ್ಟಂತೆ, ಈಜುವುದನ್ನು ನಿಲ್ಲಿಸಿದ ಬ್ಯಾಕ್ಟೀರಿಯವೊಂದು ನೀರಿನಲ್ಲಿ ಜಾರಿ ಮುಂದುವರಿಯುವ ದೂರ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಆ ಲೋಕದಲ್ಲಿ ಜಡತ್ವಕ್ಕೆ ಬೆಲೆಯಿಲ್ಲ. ತಳ್ಳಿದಷ್ಟು ಹೊತ್ತು ಚಲನೆ, ಬಿಟ್ಟೊಡನೆ ನಿಲುಗಡೆ. ಅಲ್ಲಿ ವಿಮಾನದಂತೆ ಸಾವಕಾಶವಾಗಿ ವೇಗ ಪಡೆದು, ತಿರುವಿನಲ್ಲಿ ಓಲಿ, ಮೆತ್ತಗೆ ನಿಲ್ಲುವ ಕ್ಯಾಮೆರಾ ನಮ್ಮ ಲೋಕದ ಭೌತಶಾಸ್ತ್ರವನ್ನು ಅಲ್ಲಿಗೆ ಕಳ್ಳಸಾಗಣೆ ಮಾಡುತ್ತದೆ. ಮಾತಿನಲ್ಲಿ ಹೇಳಿದ್ದರೆ ಯಾರಾದರೂ ತಿದ್ದುತ್ತಿದ್ದರು. ಕ್ಯಾಮೆರಾದ ನಡಿಗೆಯಲ್ಲಿ ಹೇಳಿದ್ದರಿಂದ ಯಾರೂ ಗಮನಿಸುವುದಿಲ್ಲ.

ಈ ವಾದಕ್ಕೆ ಪ್ರಯೋಗದ ಬೆಂಬಲವೂ ಸ್ವಲ್ಪ ಉಂಟು. ಜೋಡಿ ಜೆಂಕಿನ್ಸನ್ ಮತ್ತು ಗಯೇಲ್ ಮೆಕ್‌ಗಿಲ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಘಟನೆಯನ್ನು ಸರಳದಿಂದ ಜಟಿಲದವರೆಗೆ ಬೇರೆ ಬೇರೆ ರೀತಿಯಲ್ಲಿ ತೋರಿಸಿದಾಗ, ಗದ್ದಲವನ್ನೂ ನಡುಕವನ್ನೂ ಒಳಗೊಂಡ ಜಟಿಲ ಚಿತ್ರ ವಿದ್ಯಾರ್ಥಿಗಳ ತಿಳಿವಿಗೆ ಅಡ್ಡಿಯಾಗುವುದಕ್ಕೆ ಬದಲಾಗಿ ನೆರವಾಯಿತು.

ಆಳ, ಬೆಳಕು, ಮಬ್ಬು

ನಮ್ಮ ಕಡೆಯ ತೊಗಲುಗೊಂಬೆಯಾಟವನ್ನು ಬಲ್ಲವರಿಗೆ ಈ ಭಾಗವನ್ನು ವಿವರಿಸುವುದು ಸುಲಭ. ನೆರೆಯ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಆ ಕಲೆಯ ಪರದೆಯ ಹಿಂದೆ ಅಡಗಿರುವ ದೃಗ್ವಿಜ್ಞಾನಕ್ಕೆ ಇನ್ನೂ ಮನ್ನಣೆ ಸಂದಿಲ್ಲ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಅದರ ಕೊರೆದ ಒಡವೆಯ ಒಂದೊಂದು ರಂಧ್ರವೂ ಸ್ಪಷ್ಟ. ದೀಪದ ಕಡೆಗೆ ಸರಿಸುತ್ತ ಬಂದಂತೆ ನೆರಳು ಹಿಗ್ಗುತ್ತದೆ, ಅಂಚು ಮಬ್ಬಾಗುತ್ತದೆ. ಗೊಂಬೆಯವರು ಆಳವನ್ನು ಹೇಳುವುದು ಗಾತ್ರದಿಂದ ಮತ್ತು ಮಬ್ಬಿನಿಂದ. ಅಣುಚಿತ್ರಕಾರರೂ ಹಾಗೆಯೇ: ಹತ್ತಿರದ್ದು ಹಿರಿದಾಗಿ ದೂರದ್ದು ಕಿರಿದಾಗಿ ಕಾಣುವ ಯಥಾದರ್ಶನ ಒಂದು, ದೂರದ್ದನ್ನು ಮಂಜಿನಲ್ಲಿ ಮುಳುಗಿಸುವುದು ಇನ್ನೊಂದು, ಲಕ್ಷ್ಯದಾಚೆಯದನ್ನು ಮಸುಕುಮಾಡುವುದು ಮತ್ತೊಂದು.

ಅಳತೆಗೆ ಬೆಲೆ ಕೊಡುವವರು ಯಥಾದರ್ಶನವನ್ನು ಒಪ್ಪುವುದಿಲ್ಲ. ದೂರಕ್ಕೆ ತಕ್ಕಂತೆ ಗಾತ್ರ ಬದಲಾಗದ ಸಮಾಂತರ ಪ್ರಕ್ಷೇಪದಲ್ಲಿ ಮಾತ್ರ ಮುಂದಿನ ಬಂಧವನ್ನೂ ಹಿಂದಿನ ಬಂಧವನ್ನೂ ಒಂದೇ ಅಳತೆಗೋಲಿನಿಂದ ಅಳೆದುನೋಡಲು ಸಾಧ್ಯವೆಂಬುದು ಅವರ ವಾದ. ಆದರೆ ಸಮಾಂತರ ಪ್ರಕ್ಷೇಪಕ್ಕೆ ಒಂದು ಘೋರ ದೋಷವುಂಟು. ಮನಶ್ಶಾಸ್ತ್ರಜ್ಞರಾದ ವಾಲಾಕ್ ಮತ್ತು ಒಕಾನಲ್ 1953ರಲ್ಲಿ, ತಿರುಗುವ ತಂತಿಯ ಆಕೃತಿಗಳ ನೆರಳನ್ನು ಪರದೆಯ ಮೇಲೆ ಬೀಳಿಸಿ, ಬರಿಯ ನೆರಳಿನ ಚಲನೆಯಿಂದಲೇ ನೋಡುಗರು ಘನಾಕಾರವನ್ನು ಗ್ರಹಿಸುವರೆಂದು ತೋರಿಸಿದರು. ಅದೂ ಒಂದು ಬಗೆಯ ಗೊಂಬೆಯಾಟವೇ. ಅಂತಹ ನೆರಳಿನಲ್ಲಿ ಆಕಾರ ತಿಳಿದರೂ, ಯಾವುದು ಮುಂದೆ ಯಾವುದು ಹಿಂದೆ ಎಂಬುದು ತಿಳಿಯುವುದಿಲ್ಲ. ಎಡಕ್ಕೆ ತಿರುಗುತ್ತಿರುವುದು ಥಟ್ಟನೆ ಬಲಕ್ಕೆ ತಿರುಗಿದಂತೆ ತೋರುತ್ತದೆ. ಸಾಮಾನ್ಯ ವಸ್ತುವಿಗಾದರೆ ಇದು ವಿನೋದ. ಅಣುವಿಗಾದರೆ ಮುಂದು ಹಿಂದು ಅದಲುಬದಲಾದೊಡನೆ ಬಲಸುರುಳಿ ಎಡಸುರುಳಿಯಾಗುತ್ತದೆ, ಜೀವಿಗಳಲ್ಲಿರುವ ಅಮೈನೋ ಆಮ್ಲ ಅದರ ಕನ್ನಡಿಬಿಂಬವಾಗುತ್ತದೆ. ಆದುದರಿಂದ ಸಮಾಂತರ ಪ್ರಕ್ಷೇಪವನ್ನು ಬಳಸುವವರು ಮಂಜನ್ನಾದರೂ ಸೇರಿಸಲೇಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಸುಕಿನ ವಿಷಯದಲ್ಲಿ ವಿವಾದ ಬೇರೆ. ಹೂವಿನ ಮೇಲಿನ ಇರುವೆಯನ್ನು ಹತ್ತಿರದಿಂದ ಚಿತ್ರಿಸಿದಾಗ ಇರುವೆಯ ಮುಖವಷ್ಟೇ ಸ್ಪಷ್ಟವಾಗಿ ಉಳಿದೆಲ್ಲ ಮಸುಕಾಗುವುದನ್ನು ಕಂಡು ರೂಢಿಯಾದ ಕಣ್ಣು, ಮಸುಕು ಕಂಡರೆ ವಸ್ತು ಚಿಕ್ಕದೆಂದು ತಾನಾಗಿಯೇ ಊಹಿಸುತ್ತದೆ. ಕಲಾವಿದರು ಅದನ್ನು ಬಯಸುವರು. ವಿಜ್ಞಾನಿಗಳು, ಕಷ್ಟಪಟ್ಟು ಲೆಕ್ಕಹಾಕಿದ ಪರಮಾಣುಗಳನ್ನು ಮಬ್ಬಿನಲ್ಲಿ ಹೂಳುವುದೇಕೆ ಎನ್ನುವರು. ಇಬ್ಬರಿಗೂ ಹಿತವಾದ ಮಾರ್ಗ ಬೆಳಕಿನಲ್ಲಿ ದೊರೆಯಿತು. ಶಿಲಾಶಾಸನವನ್ನು ಓದುವವರು ದೀಪವನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿಯುವರು. ಓರೆಬೆಳಕಿನಲ್ಲಿ ಅಕ್ಷರದ ಕುಳಿಗಳು ನೆರಳು ತುಂಬಿಕೊಂಡು ಎದ್ದು ಕಾಣುತ್ತವೆ. ಅಶೋಕನ ಹೆಸರನ್ನೇ ಹೊತ್ತ, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವನ್ನು ಹೊಂದಿರುವ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಅಣುವಿನ ಮೈಯ ಯಾವ ಬಿಂದುವಿಗೆ ಆಕಾಶ ಎಷ್ಟು ತೆರೆದಿದೆಯೆಂದು ಲೆಕ್ಕಹಾಕಿ, ಕುಳಿಗಳನ್ನು ಕಪ್ಪಾಗಿಸಿ ಉಬ್ಬುಗಳನ್ನು ಬೆಳಗಿಸುವ ಕ್ರಮವನ್ನು 2006ರಲ್ಲಿ ಇಟಲಿಯ ತರೀನಿ ಮೊದಲಾದವರು ಕ್ಯೂಟ್‌ಮೋಲ್ ತಂತ್ರಾಂಶದ ಮೂಲಕ ಸುಲಭವಾಗಿಸಿದರು. ಔಷಧಿಯ ಅಣು ಬಂದು ಕೂರುವ ಗವಿಗಳು ಅಂತಹ ಬೆಳಕಿನಲ್ಲಿ ತಾವಾಗಿಯೇ ಗೋಚರವಾಗುತ್ತವೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಪ್ರತಿಫಲಿಸಿದ ಒಂದು ಬೆಳಕಿನ ಕಂಬದಿಂದಲೇ ಖಾಲಿ ಸ್ಟುಡಿಯೋಕ್ಕೆ ಆಳವನ್ನು ತಂದ ವಿ. ಕೆ. ಮೂರ್ತಿಯವರ ವಿದ್ಯೆಯನ್ನು ನಮ್ಮ ಅಣುಚಿತ್ರಕಾರರು ಇನ್ನಾದರೂ ಅಭ್ಯಸಿಸಬೇಕು. ಕ್ಯಾಮೆರಾವನ್ನು ಕದಲಿಸದೆ ಆಳವನ್ನು ತೋರುವ ಬಗೆ ಅಲ್ಲಿದೆ.

ಗಣಿತಕ್ಕೆ ಒಪ್ಪಿಸಿದವರು, ನೋಡುಗನಿಗೆ ಒಪ್ಪಿಸಿದವರು

ಮೂರನೆಯ ಪಕ್ಷದವರು ಈ ಆಯ್ಕೆಗಳನ್ನು ಮನುಷ್ಯನ ರುಚಿಗೆ ಬಿಡಬಾರದೆನ್ನುವರು. ಕೆನ್ ಶೂಮೇಕ್ 1985ರಲ್ಲಿ, ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಚತುಷ್ಕ ಸಂಖ್ಯೆಗಳಿಂದ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತೂರಾಡದೆ ತಿರುಗುವ ದಾರಿಯನ್ನು ತೋರಿಸಿದನು; ಇಂದು ಎಲ್ಲ ತಂತ್ರಾಂಶಗಳಲ್ಲಿಯೂ ಅದು ಅಡಗಿದೆ. ವಾಸ್ಕೆಸ್ ಮೊದಲಾದವರು 2002ರಲ್ಲಿ, ಅಣುವಿನ ಭಾಗಗಳು ಯಾವ ದಿಕ್ಕಿನಿಂದ ಅತ್ಯಂತ ಸಮವಾಗಿ ಹಂಚಿ ಕಾಣುತ್ತವೆಯೋ ಅದೇ ಒಳ್ಳೆಯ ದಿಕ್ಕೆಂದು ಸೂತ್ರೀಕರಿಸಿದರು. ಸೂತ್ರ ಚೆಲುವಾದುದೇ; ಆದರೆ ಎಲ್ಲವನ್ನೂ ಸಮವಾಗಿ ತೋರಿಸುವ ದಿಕ್ಕು ಮುಖ್ಯವಾದುದನ್ನು ತೋರಿಸುವ ದಿಕ್ಕೇ ಆಗಬೇಕೆಂದಿಲ್ಲ. ಯಾವುದು ಮುಖ್ಯವೆಂಬುದನ್ನು ಸೂತ್ರ ಅರಿಯದು.

ನಾಲ್ಕನೆಯವರು ಲೆವಿಂಥಾಲನ ಗೋಳವನ್ನು ನೋಡುಗನ ಕೈಗೇ ಕೊಟ್ಟುಬಿಡಿ ಎನ್ನುವರು. ಇಂದು ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿ ಪ್ರೋಟೀನನ್ನು ತಿರುಗಿಸಬಹುದು. ಸ್ವತಃ ತಿರುಗಿಸಿದವನಿಗೆ ಯಾವ ಚಲನೆ ತನ್ನದೆಂಬ ಸಂದೇಹ ಹುಟ್ಟುವುದೇ ಇಲ್ಲ. ಇದು ಈ ಪಕ್ಷದ ದೊಡ್ಡ ಬಲ. ಆದರೆ ಎಲ್ಲಿ ನೋಡಬೇಕೆಂದು ತಿಳಿಯದ ಎಳೆಯ ವಿದ್ಯಾರ್ಥಿ ಅಣುವನ್ನು ಗಿರ್ರನೆ ತಿರುಗಿಸಿ ಕೆಳಗಿಟ್ಟುಬಿಡುವುದನ್ನೂ ನಾನು ಕಂಡಿದ್ದೇನೆ.

ದೃಗ್ಬಿಂದುವೇ ಬೇಡವೆಂದ ಬೆಂಗಳೂರು

ಕ್ಯಾಮೆರಾವೇ ಬೇಡವೆನ್ನುವ ಐದನೆಯ ಮಾರ್ಗವೊಂದಿದೆ. ಅದಕ್ಕೂ ಕರ್ನಾಟಕಕ್ಕೂ ನಂಟು ಗಾಢವಾದುದು. ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿದ್ದಾಗ ಗೋಪಿನಾಥ ಕರ್ತಾ ಅವರೊಡನೆ ಕೊಲಾಜೆನ್ನಿನ ಮುಪ್ಪುರಿ ರಚನೆಯನ್ನು ಕಂಡರು. ಭೂಮಿಯನ್ನು ಸುತ್ತುವಾಗಲೂ ಚಂದ್ರನು ಅದಕ್ಕೆ ಒಂದೇ ಮುಖವನ್ನು ತೋರಿಸುವ ಸಂಗತಿ ಅವರಿಗೆ ಆ ಎಳೆಗಳ ಹೆಣಿಗೆಯನ್ನು ಹೊಳೆಯಿಸಿತೆಂದು ಅವರ ಜೀವನವೃತ್ತಾಂತಗಳು ಹೇಳುತ್ತವೆ. ಅಣುವನ್ನು ಸುತ್ತುತ್ತ ಅದರ ಕಡೆಗೇ ಮುಖ ಮಾಡಿರುವ ಇಂದಿನ ಕ್ಯಾಮೆರಾದ ನಡೆಯೂ ಇದೇ ಚಂದ್ರಗತಿ. ಆದರೆ 1963ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಅವರು ಪ್ರಕಟಿಸಿದ ನಕ್ಷೆ ಇದಕ್ಕಿಂತ ಆಳವಾದ ಹೆಜ್ಜೆ. ಪ್ರೋಟೀನಿನ ಸರಪಳಿಯ ಪ್ರತಿಯೊಂದು ಕೊಂಡಿಯಲ್ಲಿ ಎರಡು ಕೋನಗಳನ್ನು ಅಳೆದು, ಅವನ್ನು ಒಂದು ಚೌಕದಲ್ಲಿ ಚುಕ್ಕೆಯಾಗಿ ಇಟ್ಟರೆ, ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಅಣು ಉರುಳಿದರೂ ಆ ಚುಕ್ಕೆ ಕದಲುವುದಿಲ್ಲ. ಕದಲಿದರೆ ಅದು ಖಂಡಿತವಾಗಿ ಅಣುವಿನದೇ ಚಲನೆ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1971ರಲ್ಲಿ ಅಣು ಜೀವಭೌತ ವಿಭಾಗವನ್ನು ಸ್ಥಾಪಿಸಿದರು; ಅದೇ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಅವರು ಪ್ರೋಟೀನನ್ನು ಪರಸ್ಪರ ಸಂಬಂಧಗಳ ಜಾಲವಾಗಿ ನೋಡುವ ಕ್ರಮವನ್ನು ಬೆಳೆಸಿದರು. ಅಲ್ಲಿಯೂ ಕಣ್ಣಿನ ಸ್ಥಾನಕ್ಕೆ ಕೆಲಸವಿಲ್ಲ. ಚಲನೆಯ ಚಿತ್ರದ ಪಕ್ಕದಲ್ಲಿಯೇ ಕೋನಗಳ ನಕ್ಷೆಯೂ ಓಡುತ್ತಿದ್ದರೆ ಕ್ಯಾಮೆರಾದ ಮಾತನ್ನು ಪರೀಕ್ಷಿಸುವ ಸಾಕ್ಷಿಯೊಂದು ನೋಡುಗನಿಗೆ ದೊರೆಯುತ್ತದೆ. ಇಷ್ಟು ಸರಳವಾದ ಈ ಜೋಡಣೆ ಇಂದಿಗೂ ಪಾಠದ ಚಿತ್ರಗಳಲ್ಲಿ ಅಪರೂಪವಾಗಿರುವುದು ವಿಷಾದಕರ.

ಇತ್ಯರ್ಥವಾಗದೆ ಉಳಿದವು

ಸ್ಥಳದ ಹಿಗ್ಗು ಕುಗ್ಗುಗಳಿಗೆ ಈಮ್ಸ್ ದಂಪತಿಗಳು ಒಂದು ತಾಳವನ್ನು ಕೊಟ್ಟರು; ಕಾಲಕ್ಕೆ ಅಂತಹ ತಾಳ ಇನ್ನೂ ದೊರೆತಿಲ್ಲ. ಜೀವಕೋಶದಿಂದ ಅಣುವಿಗೆ ಇಳಿಯುವಾಗ ಗಡಿಯಾರವೂ ನಿಧಾನವಾಗಬೇಕು, ಆದರೆ ಎಷ್ಟೆಂಬುದನ್ನು ಮತ್ತು ಅದನ್ನು ನೋಡುಗನಿಗೆ ಯಾವ ಸಂಜ್ಞೆಯಿಂದ ತಿಳಿಸಬೇಕೆಂಬುದನ್ನು ಕುರಿತು ಒಮ್ಮತವಿಲ್ಲ. ಶುಲ್ಟನ್ ತಂಡ 2013ರಲ್ಲಿ ಹೆಚ್.ಐ.ವಿ.ಯ ಕವಚವನ್ನು ಆರು ಕೋಟಿಗೂ ಮೀರಿದ ಪರಮಾಣುಗಳೊಡನೆ ಲೆಕ್ಕಹಾಕಿತು. ಅಂತಹ ಸಮುದಾಯದಲ್ಲಿ ಒಂದು ಪರಮಾಣುವನ್ನು ಹಿಂಬಾಲಿಸಬೇಕೋ, ಇಡಿಯ ಕವಚವನ್ನೋ, ಎರಡನ್ನೂ ತೋರಬೇಕಾದರೆ ನಡುವೆ ಕತ್ತರಿಸಬೇಕೋ ತೇಲಬೇಕೋ ಎಂಬುದು ಇತ್ಯರ್ಥವಾಗಿಲ್ಲ. ನೀರನ್ನು ಅಳಿಸಿ ತೋರಿಸುವ ಸಾರ್ವತ್ರಿಕ ರೂಢಿ ನ್ಯಾಯವೇ ಎಂಬುದೂ ಹಾಗೆಯೇ ಉಳಿದಿದೆ. ಕ್ಯಾಮೆರಾದ ಚಲನೆಯೊಂದನ್ನೇ ಪ್ರತ್ಯೇಕಿಸಿ ಅದರಿಂದ ಕಲಿಕೆಗೆ ಆಗುವ ಲಾಭ ನಷ್ಟಗಳನ್ನು ಅಳೆದು ತೀರ್ಮಾನ ಕೊಡುವಷ್ಟು ಪರೀಕ್ಷೆಗಳೂ ನಡೆದಿಲ್ಲ.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಅಣು ಚಲಿಸುವಾಗ ಕ್ಯಾಮೆರಾ ನಿಂತಿರಲಿ. ಕ್ಯಾಮೆರಾ ಚಲಿಸಬೇಕಾದಾಗ ಅಣುವನ್ನು ಆ ಕ್ಷಣಕ್ಕೆ ನಿಲ್ಲಿಸಲಿ. ಎರಡೂ ಒಟ್ಟಿಗೆ ಚಲಿಸಲೇಬೇಕಾದರೆ ಕದಲದ ಗುರುತೊಂದು, ಮಸ್ಕಿಯ ಗುಡ್ಡದಂತೆ, ಹಿನ್ನೆಲೆಯಲ್ಲಿರಲಿ. ಇದನ್ನು ಒಪ್ಪದವರೂ ಮುಂದಿನ ಕೋರಿಕೆಯನ್ನು ಒಪ್ಪಬಹುದೆಂದು ನಂಬಿದ್ದೇನೆ. ಪ್ರೋಟೀನು ದತ್ತಕೋಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳು ಯಾರು ಬೇಕಾದರೂ ಪಡೆಯುವಂತೆ ಇವೆ. ಅವನ್ನು ಚಿತ್ರವಾಗಿಸುವ ವಿ.ಎಂ.ಡಿ., ಬ್ಲೆಂಡರ್ ಮೊದಲಾದ ತಂತ್ರಾಂಶಗಳಿಗೆ ಕಲಿಯುವವರು ಹಣ ಕೊಡಬೇಕಾಗಿಲ್ಲ. ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಕಲಿಸುವ ಅಧ್ಯಾಪಕರು ಒಂದು ಚಿತ್ರವನ್ನಾದರೂ ತಾವೇ ಮಾಡಲಿ, ಮತ್ತು ಅದರ ಕೆಳಮೂಲೆಯಲ್ಲಿ ಮೂರು ಸಾಲುಗಳನ್ನು ಕನ್ನಡದಲ್ಲಿ ಬರೆಯಲಿ: ಅಣುವಿನ ಯಾವ ಭಾಗವನ್ನು ಹಿಡಿದು ನಿಲ್ಲಿಸಿದೆ, ಪರದೆಯ ಒಂದು ಸೆಕೆಂಡು ಅಣುವಿನ ಎಷ್ಟು ಕಾಲಕ್ಕೆ ಸಮ, ಮತ್ತು ನೀರನ್ನು ಉಳಿಸಿದೆಯೋ ಅಳಿಸಿದೆಯೋ.